ನಡೆದರೆ ಉಳಿಯುವ ದಾರಿ

ಕೊಡಗು ಎಂದೊಡನೆ ಪೇಟೆಯವರ ಕಣ್ಣು ಹೋಗುವುದು ಬೆಟ್ಟದ ತುದಿಗೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಜಿಲ್ಲೆಯ ಅತಿ ಎತ್ತರದ ಶಿಖರ. ಅದರ ಬೆನ್ನಿಗೇ ಪುಷ್ಪಗಿರಿ, ಬ್ರಹ್ಮಗಿರಿ, ಮಾಂದಲಪಟ್ಟಿಯ ಹೆಸರು ಬರುತ್ತದೆ. ಚಾರಣವೆಂದರೆ ಶಿಖರ ಏರುವುದು ಎಂಬ ಎಣಿಕೆ ಎಷ್ಟು ಬಲವಾಗಿದೆಯೆಂದರೆ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕೊಡಗು ಹಾಗೂ ದಕ್ಷಿಣ ಕನ್ನಡದ ಗಡಿಯ ಕುಮಾರಪರ್ವತಕ್ಕೆ ಜನ ಮುಗಿಬಿದ್ದು, ಮುಂಗಡ ಬುಕಿಂಗ್ ಇಲ್ಲದ ಚಾರಣಕ್ಕೆ ಸರ್ಕಾರವೇ ತಡೆ ಹಾಕಬೇಕಾಯಿತು.

ಆದರೆ ಆರು ವರ್ಷದ ಮಗುವನ್ನೂ ಮಂಡಿ ನೋವಿನ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೊರಟ ಸಂಸಾರಕ್ಕೆ ಶಿಖರ ಒಗ್ಗುವುದಿಲ್ಲ. ಅಂಥವರು ವ್ಯೂ ಪಾಯಿಂಟಿನಲ್ಲಿ ಕಾರು ನಿಲ್ಲಿಸಿ, ಜೋಳ ತಿಂದು, ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಕೊಡಗನ್ನು ನೋಡಿದೆವು ಎಂದುಕೊಳ್ಳುತ್ತಾರೆ. ನಡೆದು ನೋಡುವ ಕೊಡಗು ಅವರ ಪಾಲಿಗೆ ಹಾಗೇ ಉಳಿದುಬಿಡುತ್ತದೆ.

ಆ ಕೊಡಗು ಶಿಖರಗಳ ಕೆಳಗೆ, ಗದ್ದೆ ತೋಟಗಳ ನಡುವೆ ಇದೆ. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ರಸ್ತೆಯಲ್ಲಿ ಸಿಗುವ ಬಿಟ್ಟಂಗಾಲದಂಥ ಊರುಗಳಲ್ಲಿ ಎರಡು ತಾಸಿನ ನಡಿಗೆಗೆ ಬೇಕಾದುದೆಲ್ಲವೂ ಇದೆ. ಕಡಿದಾದ ಏರಿಲ್ಲ, ಹೆಜ್ಜೆಗೊಂದು ನೆರಳಿದೆ, ಕೂರಲು ಗದ್ದೆಯ ಬದುವಿದೆ. ಈ ದಾರಿಗಳನ್ನು ಪ್ರವಾಸೋದ್ಯಮಕ್ಕಾಗಿ ಯಾರೂ ಮಾಡಿದ್ದಲ್ಲ. ಊರಿನವರೇ ತಮ್ಮ ಅಗತ್ಯಕ್ಕೆ ನಡೆದು ನಡೆದು ಮಾಡಿಕೊಂಡವು. ಆ ಅಗತ್ಯ ಈಗ ಕಡಿಮೆಯಾಗುತ್ತಿದೆ. ಅದರೊಡನೆ ದಾರಿಗಳೂ ಅಳಿಯುತ್ತಿವೆ.

ಚದುರಿ ನಿಂತ ಊರು

ಬಯಲುಸೀಮೆಯ ಊರಿಗೂ ಕೊಡಗಿನ ಊರಿಗೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ಮಂಡ್ಯ, ತುಮಕೂರಿನ ಕಡೆ ಮನೆಗಳೆಲ್ಲ ಒಂದೆಡೆ ಗುಂಪುಗೂಡಿರುತ್ತವೆ. ಹೊಲಗದ್ದೆಗಳು ಊರಾಚೆ ಇರುತ್ತವೆ. ಕೊಡಗಿನಲ್ಲಿ ಒಂದೊಂದು ಮನೆಯೂ ತನ್ನ ಗದ್ದೆಯ ಮೇಲಂಚಿನಲ್ಲಿ, ಗುಡ್ಡದ ಬದಿಗೆ ಒರಗಿ ನಿಂತಿರುತ್ತದೆ. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ತೋಟ ದಾಟಬೇಕು, ಇಲ್ಲವೇ ಒಂದು ತೋಡು ದಾಟಬೇಕು. ಬಸ್ಸಿನಿಂದ ಇಳಿದ ಹೊಸಬರು ಊರೆಲ್ಲಿದೆ ಎಂದು ಕೇಳುವುದು ಇದೇ ಕಾರಣಕ್ಕೆ. ಅವರು ನಿಂತದ್ದೇ ಊರಿನ ನಡುವೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ 'ಒಕ್ಕ'ವನ್ನು ಆ ಸಮಾಜದ ಮೂಲ ಘಟಕವಾಗಿ ಗುರುತಿಸಿದರು. ಒಕ್ಕವೆಂದರೆ ಒಂದೇ ಮೂಲದ ಕುಟುಂಬ. ಅದರ ಹಿರಿಯ ಮನೆಯೇ ಐನ್‌ಮನೆ. ರಸ್ತೆಯಿಂದ ಐನ್‌ಮನೆಗೆ ಕರೆದೊಯ್ಯುವ, ಎರಡೂ ಬದಿಗೆ ಎತ್ತರದ ಮಣ್ಣಿನ ಅಥವಾ ಕಲ್ಲಿನ ಗೋಡೆಯಿರುವ ಇಕ್ಕಟ್ಟಾದ ದಾರಿಗೆ ಓಣಿ ಎನ್ನುತ್ತಾರೆ. ಪೇಟೆಯ ಓಣಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಓಣಿಗಳಲ್ಲಿ ಗೋಡೆಯ ಮೇಲೆ ಪಾಚಿ, ಜರಿಗಿಡ ಬೆಳೆದು ನಡು ಮಧ್ಯಾಹ್ನವೂ ತಂಪಾಗಿರುತ್ತದೆ.

ಓಣಿ ಮನೆಗೆ ತಲುಪಿಸಿದರೆ, ಗದ್ದೆಯ ಬದು ಮನೆಯಿಂದ ಮನೆಗೆ ತಲುಪಿಸುತ್ತದೆ. ಇನ್ನೊಂದು ಕಾಲುದಾರಿ ಊರಿನ ಮಂದ್‌ಗೆ ಹೋಗುತ್ತದೆ. ಹಬ್ಬದ ಕೋಲಾಟಕ್ಕೂ ಊರ ಸಭೆಗೂ ಬಿಟ್ಟ ಹಸಿರು ಬಯಲೇ ಮಂದ್. ಮತ್ತೊಂದು ದಾರಿ ದೇವರಕಾಡಿನ ಕಡೆ ತಿರುಗುತ್ತದೆ. ಶಾಲೆ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ ಎಲ್ಲಕ್ಕೂ ಹೀಗೆ ಒಂದೊಂದು ಅಡ್ಡದಾರಿ. ಚದುರಿ ನಿಂತ ಮನೆಗಳನ್ನು ಒಂದು ಊರಾಗಿ ಹೊಲಿದಿರುವ ದಾರ ಈ ಕಾಲುದಾರಿಗಳು. ಇಂದಿಗೂ ಇವನ್ನು ಹೆಚ್ಚಾಗಿ ಬಳಸುವವರು ತೋಟದ ಕೆಲಸಕ್ಕೆ ಹೋಗುವ ಎರವರು, ಕುರುಬರು ಹಾಗೂ ಇತರ ಕಾರ್ಮಿಕರು. ಯಾವ ಬೇಲಿಯಲ್ಲಿ ಎಲ್ಲಿ ಕಂಡಿ ಇದೆ, ಯಾವ ತೋಡಿಗೆ ಯಾವ ಮರದ ದಿಮ್ಮಿ ಸೇತುವೆಯಾಗಿದೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಗದ್ದೆ, ತೋಟ, ಕೆರೆ

ಇಂಥ ಊರಿನಲ್ಲಿ ತಗ್ಗಿನಿಂದ ಮೇಲಕ್ಕೆ ಅರ್ಧ ಕಿಲೋಮೀಟರ್ ನಡೆದರೆ ಕೊಡಗಿನ ಬೇಸಾಯದ ಚರಿತ್ರೆಯೇ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ತಗ್ಗಿನಲ್ಲಿ ಭತ್ತದ ಗದ್ದೆ. ಅದರ ಮೇಲೆ ಮನೆ ಹಾಗೂ ಕಣ. ಅದಕ್ಕೂ ಮೇಲೆ ಬಾಣೆ. ಜಮ್ಮ ಹಿಡುವಳಿಯ ಪದ್ಧತಿಯಲ್ಲಿ ಗದ್ದೆಗೆ ಅಂಟಿಕೊಂಡಂತೆ ಬಾಣೆಯನ್ನು ಬಿಡಲಾಗಿತ್ತು. ದನ ಮೇಯಲು, ಸೌದೆಗೆ, ಗದ್ದೆಗೆ ಸೊಪ್ಪು ಗೊಬ್ಬರ ತರಲು ಆ ಕಾಡು ಬೇಕಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಇಪ್ಪತ್ತು ವರ್ಷಕ್ಕೆ, 1854ರಲ್ಲಿ, ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ತೆರೆದ. ಕ್ರಮೇಣ ಊರಿನವರ ಬಾಣೆಗಳಿಗೂ ಕಾಫಿ ಬಂತು. ಇಂದು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಆದರೂ ಇಲ್ಲಿ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಹಾಲುವಾಣ, ಹಲಸು, ಬೀಟೆ, ನಂದಿ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ನಡೆಯುವಾಗ ಮಕ್ಕಳಿಗೆ ಅದು ಕಾಡೆಂದೇ ತೋರುತ್ತದೆ. ಅದು ಪೂರ್ತಿ ತಪ್ಪೂ ಅಲ್ಲ.

ತೋಟದ ತಗ್ಗಿನಲ್ಲಿ ಸಾಮಾನ್ಯವಾಗಿ ಒಂದು ಕೆರೆ ಇರುತ್ತದೆ. ಕಾಫಿ ಗಿಡದ ಮೊಗ್ಗು ಅರಳಲು ಫೆಬ್ರವರಿ, ಮಾರ್ಚ್ ವೇಳೆಗೆ ಒಂದು ಒಳ್ಳೆಯ ಮಳೆ ಬೇಕು. ಅದಕ್ಕೆ ಹೂಮಳೆ ಎಂದು ಹೆಸರು. ಕೆಲವು ವಾರ ಬಿಟ್ಟು ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಆಕಾಶ ಕೈಕೊಟ್ಟ ವರ್ಷ ಬೆಳೆಗಾರರು ಕೆರೆಯ ನೀರನ್ನು ಪಂಪಿನಿಂದ ಎತ್ತಿ ತುಂತುರಾಗಿ ಹಾರಿಸುತ್ತಾರೆ. ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು, ಮಲ್ಲಿಗೆಯನ್ನು ನೆನಪಿಸುವ ಪರಿಮಳ ರಸ್ತೆಯವರೆಗೆ ಬರುತ್ತದೆ. ಕೆರೆಯಲ್ಲಿ ಮಿಂಚುಳ್ಳಿ, ದಂಡೆಯಲ್ಲಿ ಬೆಳ್ಳಕ್ಕಿ, ಕೆಸರಿನಲ್ಲಿ ಕಾಡುಪ್ರಾಣಿಗಳ ಹೆಜ್ಜೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠದ ಪುಸ್ತಕ ಸಿಗಲಾರದು. ಆದರೆ ಈ ಕೆರೆಗಳ ದಡ ಕಡಿದಾಗಿರುತ್ತದೆ, ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ಆನೆ ಮರಿಗಳೇ ಜಾರಿ ಬಿದ್ದು ಮೇಲೇರಲಾಗದೆ ಒದ್ದಾಡಿದ ಪ್ರಸಂಗಗಳಿವೆ. ಮಗುವಿನ ಕೈ ಹಿಡಿದೇ ನೋಡಬೇಕಾದ ಜಾಗವಿದು.

ಗದ್ದೆಯ ಕೆಲಸ ಅನ್ನ ಕೊಡುವುದಷ್ಟೇ ಅಲ್ಲ. ಮಳೆಗಾಲದಲ್ಲಿ ಗುಡ್ಡದಿಂದ ಧುಮುಕುವ ನೀರನ್ನು ಬದುಗಳ ನಡುವೆ ತಡೆದು ನಿಲ್ಲಿಸಿ, ನೆಲಕ್ಕೆ ಇಂಗಿಸಿ, ಬೇಸಿಗೆಯ ತೋಡಿಗೆ ಒಂದಿಷ್ಟು ಉಳಿಸುವುದೂ ಅದೇ ಗದ್ದೆ. ಜಪಾನಿನಲ್ಲಿ ಹೀಗೆ ಗುಡ್ಡದ ಕಾಡು, ಕೆರೆ, ಭತ್ತದ ಗದ್ದೆ ಒಂದಕ್ಕೊಂದು ಹೊಂದಿಕೊಂಡ ಹಳ್ಳಿಯ ನೆಲಕ್ಕೆ 'ಸತೋಯಾಮ' ಎಂಬ ಹೆಸರೇ ಇದೆ. 2010ರಲ್ಲಿ ನಗೋಯಾದಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದ ವೇಳೆಗೆ ಅದರ ರಕ್ಷಣೆಗೆಂದು ಅಂತರರಾಷ್ಟ್ರೀಯ ಪ್ರಯತ್ನವೊಂದು ಆರಂಭವಾಯಿತು. ಜಪಾನಿನಲ್ಲೂ ಕಷ್ಟ ಇದೇ. ಯುವಕರು ಪೇಟೆ ಸೇರುತ್ತಾರೆ, ಗದ್ದೆ ಪಾಳು ಬೀಳುತ್ತದೆ.

ಕೊಡಗಿನಲ್ಲಿ ಭತ್ತ ಬೆಳೆಯುವುದು ವರ್ಷಕ್ಕೆ ಒಂದೇ ಬೆಳೆ. ಕೂಲಿ ದುಬಾರಿ, ಆನೆ ಹಂದಿಗಳ ಕಾಟ, ಕೈಗೆ ಬರುವ ಲಾಭ ಅಲ್ಪ. ಹೀಗಾಗಿ ಹಲವರು ನಾಟಿ ನಿಲ್ಲಿಸಿದ್ದಾರೆ. ಕೆಲವೆಡೆ ಗದ್ದೆಗೆ ಶುಂಠಿ ಬಂದಿದೆ, ಕೆಲವೆಡೆ ಕಾಫಿ ಇಳಿದಿದೆ, ಕೆಲವೆಡೆ ಕಟ್ಟಡ ಎದ್ದಿದೆ. ಬಿಟ್ಟಂಗಾಲ, ಅಂಬಟ್ಟಿಯ ಭಾಗದಲ್ಲಿ ಗಾಲ್ಫ್ ಮೈದಾನವೂ ಇದೆ. ಬೆಳೆಗಾರನ ಲೆಕ್ಕಾಚಾರವನ್ನು ಪೇಟೆಯಲ್ಲಿ ಕುಳಿತು ತಪ್ಪೆನ್ನುವುದು ಸುಲಭ, ನ್ಯಾಯವಲ್ಲ. ಆದರೆ ನಾಟಿ ನಿಂತ ಗದ್ದೆಯಲ್ಲಿ ಬದು ಕಟ್ಟುವವರಿಲ್ಲ. ಬದು ಇಲ್ಲವಾದರೆ ಅದರ ಮೇಲಿನ ದಾರಿಯೂ ಇಲ್ಲ.

ಹೊನ್ನಮ್ಮನ ಕೆರೆಯ ದಡದಲ್ಲಿ

ತೋಟದ ಕೆರೆಗಳು ಒಂದೊಂದು ಕುಟುಂಬದವು. ಇಡೀ ಊರೇ ತನ್ನದೆಂದು ಕಾಯ್ದುಕೊಂಡ ದೊಡ್ಡ ಕೆರೆ ಹೇಗಿರುತ್ತದೆಂದು ನೋಡಬಯಸುವವರು ವಿರಾಜಪೇಟೆಯಿಂದ ಮಡಿಕೇರಿಯ ಮೂಲಕ ಎಪ್ಪತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ, ಸೋಮವಾರಪೇಟೆಗೆ ಹೋಗಬೇಕು. ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ದೊಡ್ಡಮಳ್ತೆಯಲ್ಲಿದೆ ಹೊನ್ನಮ್ಮನ ಕೆರೆ. ಕೊಡಗಿನ ಅತಿ ದೊಡ್ಡ ಕೆರೆ ಎಂಬ ಹೆಸರು ಇದಕ್ಕಿದೆ. ಸುತ್ತ ಗುಡ್ಡ, ಕಾಫಿ ತೋಟ, ದಡದಲ್ಲಿ ಹೊನ್ನಮ್ಮನ ಗುಡಿ.

ಕೆರೆ ತೋಡಿದರೂ ನೀರು ಬಾರದಿದ್ದಾಗ ಊರಿನ ಒಳಿತಿಗಾಗಿ ಹೊನ್ನಮ್ಮ ಎಂಬ ಹೆಣ್ಣುಮಗಳು ಪ್ರಾಣ ಕೊಟ್ಟಳು, ಆಮೇಲೆ ನೀರು ಉಕ್ಕಿತು ಎಂಬುದು ಐತಿಹ್ಯ. 'ಕೆರೆಗೆ ಹಾರ' ಕಥನಗೀತೆಯ ಭಾಗೀರಥಿಯನ್ನು ಬಲ್ಲ ಕನ್ನಡಿಗರಿಗೆ ಈ ಕತೆಯ ಧಾಟಿ ಹೊಸದಲ್ಲ. ನಾಡಿನ ಬೇರೆ ಬೇರೆ ಕೆರೆಗಳ ದಡದಲ್ಲಿ ಇಂಥ ಕತೆ ಹೇಳುತ್ತಾರೆ. ಹೆಣ್ಣಿನ ಬಲಿಯನ್ನು ತ್ಯಾಗವೆಂದು ಹಾಡುವ ಈ ಕತೆಗಳನ್ನು ಇಂದು ಹಾಗೆಯೇ ಒಪ್ಪಬೇಕಾಗಿಲ್ಲ. ಮಕ್ಕಳು ಕೇಳುವ 'ಅವಳೇ ಯಾಕೆ ಹೋಗಬೇಕಿತ್ತು?' ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ನೀರಿಗೆ ಹಿಂದಿನವರು ಎಷ್ಟು ಬೆಲೆ ಕಟ್ಟಿದ್ದರು ಎಂಬುದನ್ನೂ ಅದೇ ಕತೆ ಹೇಳುತ್ತದೆ. ಪ್ರತಿ ವರ್ಷ ಗೌರಿ ಹಬ್ಬದಂದು ಇಲ್ಲಿ ಕೆರೆಗೆ ಬಾಗಿನ ಅರ್ಪಿಸುತ್ತಾರೆ. ಸುತ್ತಲಿನ ಊರಿನವರು ಅಂದು ದಡಕ್ಕೆ ಬರುತ್ತಾರೆ. ಇಡೀ ಊರಿಗೆ ಬಂದು ಹೋಗುವ ಕಾರಣವೊಂದು ಇರುವುದರಿಂದ ಕೆರೆಯ ದಾರಿ ಇನ್ನೂ ಊರಿನದೇ ಆಗಿ ಉಳಿದಿದೆ. ದಕ್ಷಿಣ ಕೊಡಗಿನಲ್ಲಿ ಕೆರೆಯ ಈ ಕೆಲಸವನ್ನು ಮಾಡಿಕೊಂಡು ಬಂದಿರುವುದು ದೇವರಕಾಡು.

ಕೊಡಲಿ ಮುಟ್ಟದ ಕಾಡು

ದೇವರ ಹೆಸರಿನಲ್ಲಿ ಬಿಟ್ಟ ಕಾಡು ಎಂಬುದೇ ದೇವರಕಾಡಿನ ಅರ್ಥ. ಅಯ್ಯಪ್ಪ, ಭಗವತಿ, ಮಹಾದೇವ, ಹೀಗೆ ಒಂದೊಂದು ಕಾಡಿಗೆ ಒಂದೊಂದು ದೈವ. ಒಳಗಿನ ಮರಕ್ಕೆ ಕೊಡಲಿ ಹಾಕಬಾರದು ಎಂಬುದು ಕಟ್ಟಳೆ. ಕೆಲವು ಕಾಡುಗಳಲ್ಲಿ ಗುಡಿಯಿದೆ, ಕೆಲವೆಡೆ ಮರದ ಬುಡದಲ್ಲಿ ಕಲ್ಲು, ತ್ರಿಶೂಲ, ಇಲ್ಲವೇ ಮಣ್ಣಿನ ನಾಯಿಯ ಗೊಂಬೆಗಳು ಮಾತ್ರ ಇರುತ್ತವೆ.

ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬುದು ಅರಣ್ಯ ಇಲಾಖೆಯ ಲೆಕ್ಕ. ಒಂದೇ ಜಿಲ್ಲೆಯಲ್ಲಿ ಇಷ್ಟು ಒತ್ತಾಗಿ ದೇವರಕಾಡುಗಳಿರುವ ನೆಲ ಜಗತ್ತಿನಲ್ಲೇ ಅಪರೂಪ. ಆದರೆ ಸಂಖ್ಯೆ ಕೇಳಿ ಹಿಗ್ಗುವ ಮೊದಲು ವಿಸ್ತೀರ್ಣವನ್ನೂ ನೋಡಬೇಕು. 1905ರಲ್ಲಿ ಈ ಕಾಡುಗಳ ಒಟ್ಟು ವಿಸ್ತೀರ್ಣ 15,506 ಎಕರೆ. ಆ ವರ್ಷ ಅವು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದವು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಹಿಂದಿರುಗುವ ವೇಳೆಗೆ ಉಳಿದದ್ದು 6,299 ಎಕರೆ. ಎಂಬತ್ತು ವರ್ಷದಲ್ಲಿ ನೂರಕ್ಕೆ ಅರವತ್ತು ಪಾಲು ಹೋಗಿತ್ತು. ಉಳಿದುದನ್ನು 1,214ಕ್ಕೆ ಹಂಚಿದರೆ ಒಂದೊಂದಕ್ಕೆ ಸರಾಸರಿ ಐದು ಎಕರೆ ಸ್ವಲ್ಪ ಮೇಲೆ. ಸುತ್ತಲಿನ ತೋಟಗಳು ಅಂಚಿನಿಂದ ಒಳಗೆ ಸರಿದದ್ದು, ಮನೆಗಳು ಎದ್ದದ್ದು ಇದಕ್ಕೆ ಕಾರಣ.

ಇಷ್ಟು ಚಿಕ್ಕ ಕಾಡಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರವನ್ನು ಬಿಟ್ಟಂಗಾಲಕ್ಕೆ ದೂರವಲ್ಲದ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ವಿಜ್ಞಾನಿಗಳೂ ಪಾಲ್ಗೊಂಡ ಅಧ್ಯಯನವೊಂದು ಕೊಟ್ಟಿತು. ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರರಲ್ಲೂ ಮರ, ಹಕ್ಕಿ ಮತ್ತು ಅಣಬೆಗಳನ್ನು ಎಣಿಸಿ ಹೋಲಿಸಿದ ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಚಿಕ್ಕದಾದರೂ ದೇವರಕಾಡುಗಳು ಜೀವವೈವಿಧ್ಯದಲ್ಲಿ ದೊಡ್ಡ ಕಾಡಿಗೆ ಹೆಚ್ಚು ಕಡಿಮೆಯಿಲ್ಲ, ನಡುವಿನ ನೆರಳಿನ ತೋಟಗಳು ಅವುಗಳಿಗೆ ಸೇತುವೆಯಂತೆ ನೆರವಾಗುತ್ತವೆ ಎಂಬುದು ಅದರ ಸಾರ. ಎಂದರೆ ಗದ್ದೆಯಿಂದ ತೋಟಕ್ಕೆ, ತೋಟದಿಂದ ದೇವರಕಾಡಿಗೆ ಸಂಸಾರವೊಂದು ನಡೆಯುವ ದಾರಿಯೇ ಮಂಗಟ್ಟೆ ಹಕ್ಕಿಯೂ ಹಿಡಿಯುವ ದಾರಿ.

ಮಳೆಗಾಲದಲ್ಲಿ ತೋಡಿನ ಬದಿ, ಕಾಡಿನಂಚಿನ ನೆರಳಿನಲ್ಲಿ ಬೆಳೆಯುವ ಒಂದು ಗಿಡವನ್ನು ಕೊಡಗಿನ ಮಕ್ಕಳು ಚೆನ್ನಾಗಿ ಬಲ್ಲರು. ಅದು ಮದ್ದ್ ತೊಪ್ಪ್, ಅಂದರೆ ಮದ್ದಿನ ಸೊಪ್ಪು. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ ಮೊದಲ ವಾರದಲ್ಲಿ, ಇದಕ್ಕೆ ಔಷಧೀಯ ಗುಣ ತುಂಬಿರುತ್ತದೆಂಬ ನಂಬಿಕೆಯಿದೆ. ಎಲೆಯನ್ನು ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಮಾಡಿದ ಪಾಯಸವನ್ನು ಅಂದು ಮನೆಮಂದಿಯೆಲ್ಲ ಉಣ್ಣುತ್ತಾರೆ. ಈ ಸೊಪ್ಪನ್ನು ಹುಡುಕಿ ತರಲು ಮಗುವನ್ನು ಕರೆದುಕೊಂಡು ಹೋಗುವ ಅಜ್ಜಿಯೇ ಆ ಮಗುವಿಗೆ ಮೊದಲ ಚಾರಣದ ಗುರು.

ಕಂದಕಗಳ ನಾಡು

ತೋಟದ ನಡುವೆ ನಡೆಯುವಾಗ ಕೆಲವೆಡೆ ಅಗಲವಾದ ಹಳ್ಳ, ಅದರ ಪಕ್ಕದಲ್ಲೇ ಏರಿಯಂತೆ ಎದ್ದ ಮಣ್ಣಿನ ದಿಬ್ಬ ಅಡ್ಡ ಬರುತ್ತದೆ. ಅದು ಗುಡ್ಡ ಹತ್ತುತ್ತದೆ, ಇಳಿಯುತ್ತದೆ, ಕವಲೊಡೆಯುತ್ತದೆ. ಗೊತ್ತಿಲ್ಲದವರು ಚರಂಡಿ ಎಂದುಕೊಳ್ಳುತ್ತಾರೆ. ಅದು ಕಡಂಗ. ಶತ್ರುಗಳನ್ನು ತಡೆಯಲೂ ನಾಡಿನ ಗಡಿ ಗುರುತಿಸಲೂ ಹಿಂದಿನವರು ತೋಡಿದ ಕಂದಕ. ಕೆಲವು ಕಡಂಗಗಳ ದಿಬ್ಬ 15ರಿಂದ 25 ಅಡಿ ಎತ್ತರವಿದ್ದು, ಮುಂದಿನ ಹಳ್ಳ 10 ಅಡಿ ಆಳವಿತ್ತೆಂದೂ, ಕೊಡಗಿನಲ್ಲಿರುವ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ 500ರಿಂದ 600 ಮೈಲಿ ಉದ್ದವಾಗುತ್ತದೆಂದೂ ಬ್ರಿಟಿಷರ ಕಾಲದಲ್ಲಿ ಅಂದಾಜು ಮಾಡಲಾಗಿತ್ತು.

ಇವು ಎಷ್ಟು ಹಳೆಯವು? 9 ಮತ್ತು 10ನೆಯ ಶತಮಾನದ ಶಾಸನಗಳಲ್ಲೇ ಕಡಂಗಗಳ ಉಲ್ಲೇಖವಿದೆ. ವಿರಾಜಪೇಟೆ ಸೀಮೆಯ ಬಿಳಿಯೂರಿನ 888ನೆಯ ಇಸವಿಯ ಗಂಗರ ಶಾಸನ 'ಪೆನ್ನೆಗಡಂಗ'ದ ಜಿನಾಲಯಕ್ಕೆ ಕೊಟ್ಟ ದಾನವನ್ನು ಹೇಳುತ್ತದೆ. ಊರಿನ ಹೆಸರಿನಲ್ಲೇ ಕಡಂಗವಿದೆ. ವಿರಾಜಪೇಟೆಯ ಹತ್ತಿರ ಕಡಂಗ ಎಂಬ ಊರು ಇಂದೂ ಇದೆ. ವಿರಾಜಪೇಟೆ ಪಟ್ಟಣವಾದರೋ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ತೋಟದ ನಡುವಿನ ಹೆಸರಿಲ್ಲದ ಹಳ್ಳವೊಂದು ಹತ್ತಿರದ ಪಟ್ಟಣಕ್ಕಿಂತ ನೂರಾರು ವರ್ಷ ಹಿರಿಯದಾಗಿರಬಹುದು ಎಂಬುದನ್ನು ಮಗುವಿಗೆ ಹೇಳಿದರೆ, ಆ ಹಳ್ಳವನ್ನು ಅದು ನೋಡುವ ರೀತಿಯೇ ಬದಲಾಗುತ್ತದೆ. ಇವುಗಳಲ್ಲಿ ಎಷ್ಟೋ ಖಾಸಗಿ ತೋಟಗಳ ಒಳಗಿವೆ. ಜೆ.ಸಿ.ಬಿ.ಗೆ ಒಂದು ಬೆಳಗಿನ ಕೆಲಸ ಸಾಕು, ಸಾವಿರ ವರ್ಷದ ಕಡಂಗ ಸಮತಟ್ಟಾಗಲು.

ಹಬ್ಬವೇ ನಡಿಗೆ

ಸಂಸಾರ ಸಮೇತ ನಡೆಯುವುದು ಕೊಡಗಿಗೆ ಹೊರಗಿನಿಂದ ಬಂದ ಹವ್ಯಾಸವಲ್ಲ. ಹುತ್ತರಿಯನ್ನು ನೋಡಿ. ನವೆಂಬರ್ ಕೊನೆ ಇಲ್ಲವೇ ಡಿಸೆಂಬರಿನ ಹುಣ್ಣಿಮೆಯ ಹೊತ್ತಿಗೆ ಬರುವ ಈ ಸುಗ್ಗಿ ಹಬ್ಬದ ರಾತ್ರಿ ಕುಟುಂಬದವರೆಲ್ಲ ಐನ್‌ಮನೆಯಲ್ಲಿ ಸೇರಿ ನೆರೆ ಕಟ್ಟುತ್ತಾರೆ. ಬಳಿಕ ದೀಪ, ಕೋವಿ, ಕುಡುಗೋಲು ಹಿಡಿದು ಹಿರಿಯರೂ ಕಿರಿಯರೂ ಸಾಲಾಗಿ ಗದ್ದೆಗೆ ಇಳಿಯುತ್ತಾರೆ. ಗುಂಡು ಹಾರಿಸಿ ಮೊದಲ ಕದಿರು ಕೊಯ್ದು, ಅದನ್ನು ಹೊತ್ತು ಅದೇ ದಾರಿಯಲ್ಲಿ ಮನೆಗೆ ಮರಳುತ್ತಾರೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಮೊಮ್ಮಕ್ಕಳು ಆ ಒಂದು ರಾತ್ರಿಗೆಂದು ಬರುತ್ತಾರೆ. ಆಮೇಲೆ ಊರ ಮಂದ್‌ನಲ್ಲಿ ಕೋಲಾಟ. ಮನೆಯಿಂದ ಗದ್ದೆ, ಮನೆಯಿಂದ ಮಂದ್, ಮನೆಯಿಂದ ದೇವರಕಾಡು. ಹಬ್ಬಗಳೆಲ್ಲ ಈ ಮೂರು ದಾರಿಗಳ ಮೇಲೆಯೇ ನಡೆಯುತ್ತವೆ.

ಈಗ ಸ್ವಂತ ಗದ್ದೆಯಲ್ಲಿ ಭತ್ತವಿಲ್ಲದ ಕುಟುಂಬಗಳು ಕದಿರಿಗಾಗಿ ನೆಂಟರ ಅಥವಾ ನೆರೆಯವರ ಗದ್ದೆಗೆ ಹೋಗುವುದುಂಟು. ಹಬ್ಬ ಉಳಿದಿದೆ, ಅದರ ದಾರಿ ಮಾತ್ರ ಬದಲಾಗಿದೆ.

ದಾರಿ ಯಾರದು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತೋಟವೂ ಗದ್ದೆಯೂ ಖಾಸಗಿ ಆಸ್ತಿಯಾದರೆ ಅವುಗಳ ನಡುವಿನ ಕಾಲುದಾರಿ ಯಾರದು? ಇಂಗ್ಲೆಂಡಿನಲ್ಲಿ 1949ರ ಕಾನೂನೊಂದು ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಸಮೀಕ್ಷೆ ಮಾಡಿ ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿತು. ನಕ್ಷೆಗೆ ಸೇರಿದ ದಾರಿ ರೈತನ ಹೊಲದ ನಡುವೆ ಹಾದುಹೋದರೂ ಯಾರು ಬೇಕಾದರೂ ಅಲ್ಲಿ ನಡೆಯಬಹುದು. ನಮ್ಮಲ್ಲಿ ಅಂಥ ಸಾರ್ವತ್ರಿಕ ವ್ಯವಸ್ಥೆ ಇಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಿಂದ ತೋರಿಸಿರುತ್ತಾರೆ. ನಕ್ಷೆಗೆ ಸೇರದೆ ರೂಢಿಯಲ್ಲಿ ಮಾತ್ರ ಇರುವ ದಾರಿಗಳೂ ಬೇಕಾದಷ್ಟಿವೆ.

ಇಂಥ ದಾರಿಗಳಿಗೆ ಆಸರೆಯಾಗಿರುವುದು 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ. ಬೇರೆಯವರ ಜಮೀನಿನಲ್ಲಿ ನಡೆದುಹೋಗುವ, ನೀರು ಒಯ್ಯುವ ಮೊದಲಾದ ಹಕ್ಕುಗಳನ್ನು ಕುರಿತ ಕಾಯಿದೆ ಇದು. ಜಾರಿಗೆ ಬಂದಾಗ ಅದು ಅನ್ವಯಿಸಿದ್ದು ಮೂರೇ ಪ್ರಾಂತಗಳಿಗೆ: ಮದ್ರಾಸ್, ಮಧ್ಯಪ್ರಾಂತ ಮತ್ತು ಕೊಡಗು. ಒಬ್ಬನು ತನ್ನ ಜಮೀನಿನ ಅನುಕೂಲಕ್ಕಾಗಿ ಇನ್ನೊಬ್ಬನ ನೆಲದ ಮೇಲಿನ ದಾರಿಯನ್ನು 20 ವರ್ಷ ಬಹಿರಂಗವಾಗಿ, ಶಾಂತವಾಗಿ, ಅಡೆತಡೆಯಿಲ್ಲದೆ, ತನ್ನ ಹಕ್ಕೆಂದು ಬಳಸಿದರೆ ಅದು ಹಕ್ಕಾಗಿ ನೆಲೆಯೂರುತ್ತದೆ ಎನ್ನುತ್ತದೆ ಅದರ 15ನೆಯ ಕಲಂ. 47ನೆಯ ಕಲಂ ಇದರ ಇನ್ನೊಂದು ಮುಖ. ಸತತ 20 ವರ್ಷ ಯಾರೂ ಬಳಸದಿದ್ದರೆ ಅಂಥ ಹಕ್ಕು ಅಳಿದುಹೋಗುತ್ತದೆ.

ನಡೆದರೆ ದಾರಿ ಉಳಿಯುತ್ತದೆ, ನಡೆಯದಿದ್ದರೆ ಹೋಗುತ್ತದೆ ಎಂಬ ಹಳ್ಳಿಯ ಅನುಭವವನ್ನೇ ಕಾನೂನೂ ತನ್ನ ಭಾಷೆಯಲ್ಲಿ ಹೇಳಿದಂತಿದೆ. ಇಪ್ಪತ್ತು ವರ್ಷವೆಂದರೆ ಒಂದು ತಲೆಮಾರು. ಶಾಲೆಗೆ ಬದುವಿನ ಮೇಲೆ ಹೋಗುತ್ತಿದ್ದ ಮಕ್ಕಳು ಈಗ ವ್ಯಾನು ಹತ್ತುತ್ತಾರೆ. ನೆರೆಮನೆಗೆ ಜೀಪಿನಲ್ಲಿ ಸುತ್ತಿ ಬಳಸಿ ಹೋಗುವುದೇ ಸಲೀಸು. ಆನೆಯ ಭಯದಿಂದ ಸೋಲಾರ್ ಬೇಲಿ ಬಂದಿದೆ. ತೋಟ ಕೊಂಡ ಹೊಸ ಮಾಲೀಕರಿಗೆ ಹಳೆಯ ರೂಢಿ ಗೊತ್ತಿಲ್ಲ, ಗೇಟಿಗೆ ಬೀಗ ಬೀಳುತ್ತದೆ. ಇವರಲ್ಲಿ ಯಾರೂ ದಾರಿಯನ್ನು ಬೇಕೆಂದು ಕೊಂದವರಲ್ಲ. ಬಿಟ್ಟುಬಿಟ್ಟವರು, ಅಷ್ಟೆ.

ಹೊರಗಿನಿಂದ ಬಂದ ಪ್ರವಾಸಿಗೆ ಈ ಹಕ್ಕಿಲ್ಲ ಎಂಬುದನ್ನು ಮರೆಯಬಾರದು. ಹಕ್ಕು ಇರುವುದು ಆ ದಾರಿಯನ್ನು ಬದುಕಿಗಾಗಿ ಬಳಸುವ ಊರಿನವರಿಗೆ. ಪ್ರವಾಸಿ ಅಲ್ಲಿ ನಡೆಯುವುದು ಅನುಮತಿಯಿಂದ, ನೆಂಟನಂತೆ. ಆದರೂ ಹೋಂಸ್ಟೇಗೆ ಬಂದ ಸಂಸಾರವೊಂದು 'ನಡೆಯಲು ಒಳ್ಳೆಯ ದಾರಿ ಯಾವುದು?' ಎಂದು ಕೇಳಿದಾಗ, ಮನೆಯ ಯಜಮಾನರು ಪೊದೆ ಕಡಿಸಿ ಹಳೆಯ ಓಣಿಯನ್ನು ತೆರೆಯಲು ಅದೇ ಒಂದು ನೆಪವಾಗಬಹುದು. ಜೊತೆಗೆ ದಾರಿ ತೋರಿಸಲು ಊರಿನ ಹುಡುಗನೊಬ್ಬ ಬಂದರೆ, ಅವನಿಗೂ ಆ ದಾರಿ ಉಳಿಯುತ್ತದೆ.

ಹೊರಡುವ ಮುನ್ನ

ಮಕ್ಕಳೊಂದಿಗೆ ಇಂಥ ನಡಿಗೆಗೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಜಿಗಣೆಗಳ ಹಾವಳಿ. ಜಿಗಣೆ ಕಚ್ಚಿದರೆ ಕಿತ್ತೆಳೆಯದೆ ಉಪ್ಪು ಸೋಕಿಸಿದರೆ ಉದುರುತ್ತದೆ. ಗಾಬರಿಪಡುವಂಥದ್ದೇನಿಲ್ಲ. ಮೂರು ನಾಲ್ಕು ಕಿಲೋಮೀಟರ್ ಮಿತಿಯಿಟ್ಟುಕೊಂಡು, ಹೋದ ದಾರಿಯಲ್ಲೇ ಹಿಂದಿರುಗದೆ ಗದ್ದೆ, ತೋಟ, ದೇವರಕಾಡು ಸುತ್ತಿ ಬರುವಂತೆ ಯೋಜಿಸಿದರೆ ಮಕ್ಕಳಿಗೆ ಬೇಸರವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಆನೆಯ ಎಚ್ಚರ. ದಕ್ಷಿಣ ಕೊಡಗಿನ ತೋಟಗಳಿಗೆ ಆನೆಗಳು ಬರುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಿಂದಿನ ರಾತ್ರಿ ಎಲ್ಲಿ ಆನೆ ಕಂಡಿತು ಎಂಬುದು ಊರಿನ ಅಂಗಡಿಯಲ್ಲಿ ಬೆಳಿಗ್ಗೆಯೇ ತಿಳಿಯುತ್ತದೆ. ಅದನ್ನು ಕೇಳದೆ ಹೊರಡಬಾರದು. ಬಿಸಿಲು ಏರಿದ ಮೇಲೆ ಹೊರಟು ಸಂಜೆ ನಾಲ್ಕರೊಳಗೆ ಹಿಂದಿರುಗಬೇಕು. ಊರಿನವರು ಇಂದು ಬೇಡ ಎಂದರೆ ಬೇಡ.

ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದೊಳಗೆ ಅಪರಿಚಿತರನ್ನು ಕಂಡರೆ ಮಾಲೀಕರು ಅನುಮಾನಪಡುವುದು ಸಹಜ. ಕಾಫಿ ಕಳವಿನ ಭಯ ಅವರಿಗಿದೆ. ಮೊದಲೇ ಕೇಳಿ ಹೋಗುವುದು ಮರ್ಯಾದೆ. ತೆರೆದ ಗೇಟನ್ನು ಮತ್ತೆ ಮುಚ್ಚಬೇಕು. ನಾಟಿಯ ಕಾಲದಲ್ಲಿ ಹೊಸದಾಗಿ ಮಣ್ಣು ಮೆತ್ತಿದ ಬದುವಿನ ಮೇಲೆ ಕಾಲಿಟ್ಟರೆ ಒಬ್ಬರ ಒಂದು ದಿನದ ದುಡಿಮೆ ಕುಸಿಯುತ್ತದೆ. ದೇವರಕಾಡಿಗೆ ಹೋಗುವ ಮುನ್ನ ತಕ್ಕರನ್ನೋ ಗುಡಿಯವರನ್ನೋ ಕೇಳಬೇಕು. ಕೆಲವು ಕಾಡುಗಳಿಗೆ ಹಬ್ಬದ ದಿನ ಬಿಟ್ಟು ಪ್ರವೇಶವಿಲ್ಲ, ಕೆಲವೆಡೆ ಚಪ್ಪಲಿ ಹೊರಗೇ ಬಿಡಬೇಕು. ಒಂದು ಎಲೆಯನ್ನೂ ಕೀಳದೆ, ಒಂದು ಪ್ಲಾಸ್ಟಿಕ್ ಚೂರನ್ನೂ ಬಿಡದೆ ಬರುವುದನ್ನು ಮಕ್ಕಳಿಗೆ ಇಲ್ಲಿ ಕಲಿಸಿದಷ್ಟು ಚೆನ್ನಾಗಿ ತರಗತಿಯಲ್ಲಿ ಕಲಿಸಲಾಗದು.

ಶಿಖರಗಳಿಗೆ ಕಾವಲಿದೆ, ಟಿಕೆಟ್ಟಿದೆ, ಇಲಾಖೆಯಿದೆ. ಕೊಡಗಿನ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಅವುಗಳ ನಡುವೆ ಇರುವ ಬಿಟ್ಟಂಗಾಲದಂಥ ಊರುಗಳ ಓಣಿಗೂ ಬದುವಿಗೂ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ಅವುಗಳನ್ನು ಇದುವರೆಗೆ ಕಾಯ್ದದ್ದು ದಿನವೂ ಅವುಗಳ ಮೇಲೆ ಬಿದ್ದ ಹೆಜ್ಜೆಗಳು. ನಾಟಿಗೆ ಹೋಗುವವರ, ಸಂತೆಯಿಂದ ಬರುವವರ, ಕದಿರು ಹೊತ್ತು ಮನೆಗೆ ಮರಳುವವರ ಹೆಜ್ಜೆಗಳು. ಅವು ಕಡಿಮೆಯಾಗುತ್ತಿರುವಾಗ ಅಜ್ಜಿಯ ಕೈ ಹಿಡಿದ ಮಗುವಿನ ಹೆಜ್ಜೆಗಳೂ ಲೆಕ್ಕಕ್ಕೆ ಬರುತ್ತವೆ.